ಎಷ್ಟು ಮ್ಯಾಚ್ ಕೊಟ್ಟರು?

(ಸಿಡ್ನಿಯಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ. ಧ್ವನಿಮುದ್ರಣದಿಂದ ಇಳಿಸಿಕೊಂಡು ಅಲ್ಲಲ್ಲಿ ಒಪ್ಪ ಮಾಡಲಾಗಿದೆ.)

ಮಾರ್ಚ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ ಈ ಊರಿನ ಯಾವ ಆಫೀಸಿಗೆ, ಯಾವ ಗ್ಯಾರೇಜಿಗೆ ಹೋದರೂ ಸೋಮವಾರ ಬೆಳಿಗ್ಗೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: "ಅವನಿಗೆ ಎಷ್ಟು ಮ್ಯಾಚ್ ಕೊಟ್ಟರು?" ಹೊಸದಾಗಿ ಬಂದವರಿಗೆ ಇದೇನೋ ಅವಕಾಶ ಕೊಟ್ಟ ಮಾತು ಅನ್ನಿಸಬಹುದು. ಶಿಕ್ಷೆಯ ಮಾತು ಇದು. ಯಾವ ರಗ್ಬಿ ಲೀಗ್ ಆಟಗಾರನನ್ನು ಎಷ್ಟು ಪಂದ್ಯ ಹೊರಗೆ ಕೂರಿಸಿದರು ಅಂತ. ನಾನು ಇವತ್ತು ಹೇಳಬೇಕೆಂದಿರುವುದು ಈ ಅಳತೆಗೋಲಿನ ಬಗ್ಗೆ. ಮೈದಾನದ ಒಳಗಿನ ತಪ್ಪಿಗೆ ಅದು ಸರಿಯಾಗಿಯೇ ಕೂರುತ್ತದೆ. ಹೊರಗೆ ಬೀದಿಯಲ್ಲಿ, ಮನೆಯಲ್ಲಿ, ಕಾರಿನಲ್ಲಿ ಮಾಡಿದ್ದಕ್ಕೂ ಅದನ್ನೇ ಹಿಡಿದುಕೊಂಡು ಹೋಗುತ್ತೇವಲ್ಲ, ಅಲ್ಲಿ ಎಲ್ಲರ ಲೆಕ್ಕವೂ ಎಡವುತ್ತದೆ. ಈ ಆಟದ ಲೀಗ್ ನಡೆಸುವ ಎನ್‌ಆರ್‌ಎಲ್‌ನದೂ, ಕ್ಲಬ್ಬುಗಳದೂ, ನಮ್ಮಂಥ ಅಭಿಮಾನಿಗಳದೂ.

ಇಲ್ಲಿ ಕೂತಿರುವವರಲ್ಲಿ ಮುಕ್ಕಾಲು ಜನ ಕ್ರಿಕೆಟ್ಟಿನವರು, ಗೊತ್ತು. ಅದಕ್ಕೆ ಎರಡು ಮಾತಿನಲ್ಲಿ ಆಟ ಹೇಳಿಬಿಡುತ್ತೇನೆ. ರಗ್ಬಿ ಲೀಗ್ ಅಂದರೆ ಹದಿಮೂರು ಜನರ ಟೀಮು. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವುತ್ತಾರೆ, ಅದೇ ಟ್ಯಾಕಲ್. ಆರು ಸಲ ಬೀಳುವುದರೊಳಗೆ ಎದುರು ಗೆರೆ ಮುಟ್ಟಬೇಕು, ಇಲ್ಲದಿದ್ದರೆ ಚೆಂಡು ಅವರಿಗೆ ಹೋಗುತ್ತದೆ. ಹದಿನೈದು ಜನರ ರಗ್ಬಿ ಯೂನಿಯನ್ ಬೇರೆ ಆಟ. ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಹ್ಯಾರಿಸ್ ಪಾರ್ಕ್ ಕಡೆ ಮನೆ ಮಾಡಿರುವ ನಾವೆಲ್ಲ ಕೇಳದೆಯೇ ಪ್ಯಾರಮ್ಯಾಟಾ ಈಲ್ಸ್ ಸೀಮೆಯವರಾಗಿದ್ದೇವೆ. ಈಲ್ಸ್ ಕೊನೆಯದಾಗಿ ಕಪ್ ಎತ್ತಿದ್ದು 1986ರಲ್ಲಿ. "ಈ ಸಲ ಕಪ್ ನಮ್ದೇ" ಅಂತ ಹದಿನೆಂಟು ವರ್ಷ ಕಾದು ಕೊನೆಗೂ 2025ರಲ್ಲಿ ಪಟಾಕಿ ಹೊಡೆದ ಆರ್‌ಸಿಬಿ ಅಭಿಮಾನಿಗಳು ಈಲ್ಸ್ ಜನರ ಮುಂದೆ ಎಳೆಮಕ್ಕಳು.

ಇತಿಹಾಸದಲ್ಲಿ ಒಂದು ವಿಷಯ ಮಾತ್ರ ನಮ್ಮ ಚರ್ಚೆಗೆ ಬೇಕು. ಈ ಆಟ ಹುಟ್ಟಿದ್ದೇ ಕೂಲಿಯ ಜಗಳದಿಂದ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಕೆಲಸಗಾರರು ಶನಿವಾರ ಆಡಲು ಹೋದರೆ ಆ ದಿನದ ಸಂಬಳ ಹೋಗುತ್ತಿತ್ತು. ಅದನ್ನು ತುಂಬಿಕೊಡಬಾರದು ಎಂದು ರಗ್ಬಿಯ ದೊಡ್ಡವರು ಹಟ ಹಿಡಿದಾಗ 1895ರಲ್ಲಿ ಹಡರ್ಸ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಕ್ಲಬ್ಬುಗಳು ಸೇರಿ ಬೇರೆಯಾದವು. ಸಿಡ್ನಿಯಲ್ಲಿ 1908ರಿಂದ ಲೀಗ್ ನಡೆಯುತ್ತಿದೆ. ಹಾಗಾಗಿ ಇಲ್ಲಿ ಆಟಗಾರ ಅಂದರೆ ಮೊದಲಿಂದಲೂ ದುಡಿಯುವವನು, ಸಂಬಳದವನು. ಅವನ ನಡತೆಯ ಬಗ್ಗೆ ವಾದ ಹುಟ್ಟಿದಾಗಲೂ ಎರಡೇ ನಿಮಿಷದಲ್ಲಿ ಮಾತು ಕಾಂಟ್ರ್ಯಾಕ್ಟಿಗೆ, ನೌಕರಿಗೆ ಬಂದು ನಿಲ್ಲುತ್ತದೆ. "ನಾನು ಹೀಗೆ ಮಾಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತಾ?" ಎಂದು ಪ್ಲಂಬರ್ ಕೇಳುತ್ತಾನೆ. "ನೀನು ಮಾಡಿದ್ದರೆ ಪೇಪರಿನಲ್ಲೇ ಬರುತ್ತಿರಲಿಲ್ಲ, ಸೋಮವಾರ ಕೆಲಸಕ್ಕೆ ಹೋಗುತ್ತಿದ್ದೆ" ಎಂದು ಅವನ ಭಾವಮೈದುನ ಹೇಳುತ್ತಾನೆ. ಇಬ್ಬರ ಮಾತೂ ನಿಜ.

ಮೊದಲು ಮೈದಾನದ ಒಳಗಿನ ಒಂದು ಪ್ರಸಂಗ ನೋಡೋಣ. 2021ರ ಆಗಸ್ಟ್. ಕೋವಿಡ್ ಕಾರಣಕ್ಕೆ ಸಿಡ್ನಿ ಟೀಮುಗಳೆಲ್ಲ ಕ್ವೀನ್ಸ್‌ಲ್ಯಾಂಡಿಗೆ ಹೋಗಿ ಆಡುತ್ತಿದ್ದವು. ಸೌತ್ ಸಿಡ್ನಿ ಮತ್ತು ಸಿಡ್ನಿ ರೂಸ್ಟರ್ಸ್, ನೂರು ವರ್ಷದ ಹಗೆ. ಸೌತ್ಸ್‌ನ ಲಟ್ರೆಲ್ ಮಿಚೆಲ್ ಓಡಿ ಬಂದು ರೂಸ್ಟರ್ಸ್‌ನ ಜೋಯಿ ಮನುವಿಗೆ ಗುದ್ದಿದ. ಭುಜ ಹೋಗಿ ಮುಖಕ್ಕೆ ತಗುಲಿತು. ಕೆನ್ನೆಮೂಳೆ ಮುರಿಯಿತು. ಇಬ್ಬರೂ ಹಿಂದೆ ಒಂದೇ ಟೀಮಿನಲ್ಲಿ, ಅದೇ ರೂಸ್ಟರ್ಸ್‌ನಲ್ಲಿ, 2018 ಮತ್ತು 2019ರ ಕಪ್ ಒಟ್ಟಿಗೆ ಗೆದ್ದವರು. ರೆಫ್ರಿ ಮಿಚೆಲ್‌ನನ್ನು ಸಿನ್ ಬಿನ್‌ಗೆ ಕಳಿಸಿದರು, ಅಂದರೆ ಹತ್ತು ನಿಮಿಷ ಆಟದಿಂದ ಹೊರಗೆ ಕೂರಿಸಿದರು, ಪೂರ್ತಿ ಹೊರಗೆ ಹಾಕಲಿಲ್ಲ. ರೂಸ್ಟರ್ಸ್ ಕೋಚ್ ಟ್ರೆಂಟ್ ರಾಬಿನ್ಸನ್ ಅದಕ್ಕೆ ಕೆಂಡವಾಗಿ ಅಧಿಕಾರಿಗಳನ್ನು ಬೈದು 20,000 ಡಾಲರ್ ದಂಡ ತೆತ್ತರು. ಮಿಚೆಲ್‌ಗೆ ಆರು ಮ್ಯಾಚ್. ಆ ಆರರಲ್ಲಿ ಫೈನಲ್ಸ್, ಅಂದರೆ ಸೀಸನ್ ಕೊನೆಯ ನಾಕೌಟ್ ಪಂದ್ಯಗಳು, ಎಲ್ಲ ಮುಳುಗಿಹೋಯಿತು. ಗ್ರ್ಯಾಂಡ್ ಫೈನಲ್‌ನಲ್ಲಿ ಸೌತ್ಸ್ ಪೆನ್ರಿತ್ ಎದುರು 14-12ರಲ್ಲಿ, ಎರಡೇ ಪಾಯಿಂಟಿನಲ್ಲಿ ಸೋತಿತು.

ಆ ಒಂದು ಟ್ಯಾಕಲ್ ಬಗ್ಗೆ ಈಗಲೂ ವಾದ ನಡೆಯುತ್ತದೆ. ಆದರೆ ವಾದ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿ. ಎಲ್ಲರ ಹತ್ತಿರವೂ ಒಂದೇ ಸಾಕ್ಷ್ಯ ಇದೆ: ವಿಡಿಯೋ. ನಿಧಾನಗತಿಯಲ್ಲಿ, ನಾಲ್ಕು ಕೋನದಿಂದ. ತಪ್ಪಿಗೆ ಹೆಸರಿದೆ, ಹೆಸರಿಗೆ ದರ್ಜೆ ಇದೆ: ಅಜಾಗರೂಕತೆಯೋ, ಹುಂಬತನವೋ, ಬೇಕೆಂದೇ ಮಾಡಿದ್ದೋ. ಮ್ಯಾಚ್ ಮುಗಿದ ಮೇಲೆ ರಿವ್ಯೂ ಕಮಿಟಿ ದರ್ಜೆ ನಿಗದಿ ಮಾಡುತ್ತದೆ. ಬೇಗ ಒಪ್ಪಿಕೊಂಡರೆ ರಿಯಾಯಿತಿ, ಹಳೆಯ ತಪ್ಪುಗಳಿದ್ದರೆ ಹೆಚ್ಚುವರಿ. ಒಪ್ಪದವರು ಜುಡಿಷಿಯರಿಗೆ, ಅಂದರೆ ಎನ್‌ಆರ್‌ಎಲ್‌ನದೇ ನ್ಯಾಯಮಂಡಳಿಗೆ, ಹೋಗುತ್ತಾರೆ. ಅಲ್ಲಿ ಹಳೆಯ ಆಟಗಾರರ ಪ್ಯಾನೆಲ್, ಅಧ್ಯಕ್ಷಸ್ಥಾನದಲ್ಲಿ ವರ್ಷಗಟ್ಟಲೆ ಕೂತವರು ಜೆಫ್ರಿ ಬೆಲ್ಯೂ, ನ್ಯೂ ಸೌತ್ ವೇಲ್ಸ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಎರಡೂ ಕಡೆ ವಕೀಲರು. ಒಂದು ಮೊಣಕೈ ಎಷ್ಟು ಇಂಚು ಮೇಲಿತ್ತು ಅಂತ ಗಂಟೆಗಟ್ಟಲೆ ವಾದ. ಕೇಳಲು ತಮಾಷೆ ಅನ್ನಿಸುತ್ತದೆ, ಆದರೆ ಅಲ್ಲಿ ಶಿಕ್ಷೆಗೂ ತಪ್ಪಿಗೂ ನಂಟಿದೆ. ಆಟದಲ್ಲಿ ಒಬ್ಬನಿಗೆ ಗಾಯ ಮಾಡಿದೆ, ಆಟದಿಂದ ದೂರ ಕೂತುಕೋ. ಆ ಮಟ್ಟಿಗೆ ಮ್ಯಾಚ್ ಲೆಕ್ಕ ನ್ಯಾಯವಾದದ್ದೇ.

ಇದೇ 2021ರ ಮೇ ತಿಂಗಳಲ್ಲಿ, ತಲೆಗೆ ಬೀಳುವ ಪೆಟ್ಟಿಗೆ ಇನ್ನು ಮಾಫಿ ಇಲ್ಲ ಎಂದು ಎನ್‌ಆರ್‌ಎಲ್ ಘೋಷಿಸಿದ ವಾರ, ಬ್ರಿಸ್ಬೇನ್‌ನಲ್ಲಿ ಎಂಟು ಮ್ಯಾಚುಗಳಲ್ಲಿ ಮೂವರನ್ನು ಪೂರ್ತಿ ಹೊರಹಾಕಿ ಹದಿನಾಲ್ಕು ಸಲ ಸಿನ್ ಬಿನ್ ತೋರಿಸಿದರು. "ಆಟ ಸತ್ತೇಹೋಯಿತು" ಎಂದು ಬಾಯಿ ಬಡಿದುಕೊಂಡವರು ಕಡಿಮೆ ಇಲ್ಲ. ಆಟವೇನೂ ಸಾಯಲಿಲ್ಲ. ಮುಂದೆ ಹೋಗೋಣ.

ಈಗ ಮೈದಾನದಿಂದ ಆಚೆ ಬನ್ನಿ. ಇಲ್ಲಿ ಕೆಲಸ ಮಾಡುವುದು ಎನ್‌ಆರ್‌ಎಲ್‌ನ ಇಂಟಿಗ್ರಿಟಿ ಯೂನಿಟ್, ನಡತೆಯ ದೂರು ನೋಡುವ ವಿಭಾಗ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ, ಆಟಗಾರನಿಗೆ ನೋಟಿಸ್, ಕೊನೆಗೆ ನಾಲ್ಕು ಪ್ಯಾರಾದ ಪತ್ರಿಕಾ ಪ್ರಕಟಣೆ. ಮೈದಾನದ ತಪ್ಪಿಗಿರುವಂಥ ದರ್ಜೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಅಭಿಮಾನಿ ಸರಿತಪ್ಪು ತೂಗುವ ಹಾಗಿಲ್ಲ. ಅವನ ಕೈಗೆ ಸಿಗುವುದು ಕೊನೆಯ ಅಂಕಿ ಮಾತ್ರ: ಇಷ್ಟು ಮ್ಯಾಚ್, ಇಷ್ಟು ಡಾಲರ್. ಅಂಕಿ ಸಿಕ್ಕ ಮೇಲೆ ಹೋಲಿಕೆ ಶುರುವಾಗದೆ ಇರುತ್ತದಾ?

2021ರ ಜುಲೈ. ಸಿಡ್ನಿ ಮತ್ತು ಸುತ್ತಮುತ್ತ ಲಾಕ್‌ಡೌನ್. ನಮಗೆಲ್ಲ ಅಂಗಡಿಗೆ ಹೋಗಲೂ ಲೆಕ್ಕ. ಆಗ ದಕ್ಷಿಣದ ಶೆಲ್‌ಹಾರ್ಬರ್‌ನಲ್ಲಿ ಸೇಂಟ್ ಜಾರ್ಜ್ ಇಲ್ಲವಾರ ಡ್ರ್ಯಾಗನ್ಸ್‌ನ ಪಾಲ್ ವಾನ್ ಮನೆಯಲ್ಲಿ ಬಾರ್ಬೆಕ್ಯೂ ಪಾರ್ಟಿ. ಅವನೂ ಸೇರಿ ಹದಿಮೂರು ಆಟಗಾರರು. ಪೊಲೀಸರು ಬಂದರು. ವಾನ್‌ಗೆ ಎಂಟು ಮ್ಯಾಚ್, 50,000 ಡಾಲರ್ ದಂಡ, ಜೊತೆಗೆ ಕ್ಲಬ್ಬು ಕಾಂಟ್ರ್ಯಾಕ್ಟನ್ನೇ ಹರಿದುಹಾಕಿತು. ಉಳಿದ ಹನ್ನೆರಡು ಜನಕ್ಕೆ ತಲಾ ಒಂದು ಮ್ಯಾಚ್. ಸರಿ. ಆದರೆ ಹನ್ನೆರಡು ಜನ ಒಂದೇ ವಾರ ಹೊರಗೆ ಕೂತರೆ ಟೀಮು ಕಟ್ಟುವುದು ಹೇಗೆ? ಅದಕ್ಕೆ ಆ ಒಂದೊಂದು ಮ್ಯಾಚನ್ನೂ ನಾಲ್ಕು ವಾರಕ್ಕೆ ಹಂಚಿದರು. ಈ ವಾರ ಇವರಿಷ್ಟು ಜನ, ಮುಂದಿನ ವಾರ ಅವರಿಷ್ಟು ಜನ. ಯಾವ ವಾರ ಯಾರು ಶಿಕ್ಷೆ ಅನುಭವಿಸಬೇಕು ಎಂದು ಕೋಚ್ ಪಟ್ಟಿ ಹಾಕಿಕೊಂಡು ಕೂರುವ ಹಾಗಾಯಿತು. ಆಗ ನನ್ನ ಸಹೋದ್ಯೋಗಿಯೊಬ್ಬ, ಬುಲ್‌ಡಾಗ್ಸ್ ಕಟ್ಟಾಭಿಮಾನಿ, ವಿಡಿಯೋ ಮೀಟಿಂಗಿನಲ್ಲಿ ಕೇಳಿದ್ದು ಇನ್ನೂ ನೆನಪಿದೆ: "ನನಗೂ ಪೊಲೀಸರು ಫೈನ್ ಹಾಕಿದರೆ ಕಂತಿನಲ್ಲಿ, ನನಗೆ ಅನುಕೂಲವಾದ ವಾರ ಕಟ್ಟಬಹುದಾ?"

ಅದರ ಮರುವರ್ಷ ಇನ್ನೊಂದು. ಪೆನ್ರಿತ್ ಪ್ಯಾಂಥರ್ಸ್‌ನ ಟೇಲನ್ ಮೇ. 2021ರ ಕಪ್ ಗೆದ್ದ ಸಂಭ್ರಮದಲ್ಲಿ ಕ್ವೀನ್ಸ್‌ಲ್ಯಾಂಡಿನ ಸನ್‌ಶೈನ್ ಕೋಸ್ಟ್‌ನಲ್ಲಿ ಒಬ್ಬ ಹುಡುಗನ ಮೇಲೆ ಕೈಮಾಡಿದ ಪ್ರಕರಣದಲ್ಲಿ ಕೋರ್ಟು ಅವನನ್ನು ತಪ್ಪಿತಸ್ಥ ಎಂದಿತು. ಸಣ್ಣ ದಂಡ ಹಾಕಿ, ದಾಖಲೆಯಲ್ಲಿ ಶಿಕ್ಷೆ ಬರೆಯದೆ ಬಿಟ್ಟಿತು. ಎನ್‌ಆರ್‌ಎಲ್ ಕೊಟ್ಟದ್ದು ಎರಡು ಮ್ಯಾಚ್ ನಿಷೇಧ, 7,500 ಡಾಲರ್ ದಂಡ. ಅದು ತೀರ್ಮಾನವಾದದ್ದು 2022ರ ಫೈನಲ್ಸ್ ಹೊಸ್ತಿಲಲ್ಲಿ. ಆ ಎರಡು ಮ್ಯಾಚನ್ನು ಈಗ ಬೇಡ, 2023ರ ಸೀಸನ್ ಶುರುವಿಗೆ ಅನುಭವಿಸಲಿ ಎಂದರು! ಪೆನ್ರಿತ್ ಬಿಟ್ಟು ಉಳಿದ ಊರೆಲ್ಲ ಹೊತ್ತಿ ಉರಿಯಿತು. ಆಮೇಲೆ ಏನಾಯಿತು ಗೊತ್ತೇ? 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಎದುರಿನ ವರ್ಲ್ಡ್ ಕ್ಲಬ್ ಚಾಲೆಂಜ್‌ನಲ್ಲಿ ಮೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಇಡೀ ಸೀಸನ್ ಹೋಯಿತು. ಮುಂದೂಡಿದ ಎರಡು ಮ್ಯಾಚ್ ನಿಷೇಧ, ಹೇಗೂ ಆಡಲಾಗದ ದಿನಗಳಲ್ಲಿ ಕಾಗದದ ಮೇಲೆ ಮುಗಿಯಿತು.

ಈಗ ಇವೆರಡನ್ನೂ ಅಕ್ಕಪಕ್ಕ ಇಡಿ, ಅಭಿಮಾನಿಗಳು ಇಟ್ಟ ಹಾಗೆ. ಮನೆಗೆ ಗೆಳೆಯರನ್ನು ಕರೆದು ಮಾಂಸ ಸುಟ್ಟವನಿಗೆ ಎಂಟು. ಒಬ್ಬನ ಮೇಲೆ ಕೈಮಾಡಿದವನಿಗೆ ಎರಡು, ಅದೂ ಮುಂದಿನ ವರ್ಷ. ಇದನ್ನು ಕೇಳಿದ ಯಾರಿಗಾದರೂ ತಲೆ ಕೆಡುತ್ತದೆ. ಎನ್‌ಆರ್‌ಎಲ್ ಲೆಕ್ಕದಲ್ಲಿ ಬಾರ್ಬೆಕ್ಯೂನಿಂದ ಇಡೀ ಸೀಸನ್ನೇ ನಿಂತುಹೋಗುವ ಅಪಾಯವಿತ್ತು. ಸರ್ಕಾರದ ವಿಶೇಷ ಅನುಮತಿ ಮೇಲೆ ಆಟ ನಡೆಯುತ್ತಿತ್ತು, ಟಿವಿ ಹಣ ಅದರ ಮೇಲೆ ನಿಂತಿತ್ತು. ಬೀದಿಯಲ್ಲಿ ಪೆಟ್ಟು ತಿಂದ ಹುಡುಗನಿಂದ ಸೀಸನ್ನಿಗೆ ಯಾವ ಅಪಾಯವೂ ಇರಲಿಲ್ಲ. ಅವರು ಅಳೆದದ್ದು ಆಟಕ್ಕಾದ ನಷ್ಟವನ್ನು, ಹುಡುಗನಿಗಾದ ಪೆಟ್ಟನ್ನಲ್ಲ ಎಂದೇ ನನಗೆ ಕಾಣುತ್ತದೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ನಾವು ಕೇಳುವುದು ಎರಡು ಯಾಕೆ, ನಾಲ್ಕು ಯಾಕಿಲ್ಲ ಅಂತ. ಪೆನ್ರಿತ್‌ನವನು ಎರಡು ಜಾಸ್ತಿ ಎನ್ನುತ್ತಾನೆ, ಪ್ಯಾರಮ್ಯಾಟಾದವನು ಎಂಟು ಕಮ್ಮಿ ಎನ್ನುತ್ತಾನೆ. ಜೆರ್ಸಿ ಬದಲಾದರೆ ಇಬ್ಬರೂ ಮಾತು ಬದಲಾಯಿಸುತ್ತಾರೆ.

ಜೆರ್ಸಿ ನೋಡದೆ ಒಂದು ನಿಯಮ ಮಾಡಬೇಕು ಎಂಬ ಪ್ರಯತ್ನವೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2018ರ ಡಿಸೆಂಬರ್‌ನಲ್ಲಿ ಡ್ರ್ಯಾಗನ್ಸ್‌ನ ಜ್ಯಾಕ್ ಡಿ ಬೆಲಿನ್ ಮೇಲೆ ಗಂಭೀರ ಲೈಂಗಿಕ ದೌರ್ಜನ್ಯದ ಆರೋಪ ದಾಖಲಾಯಿತು. ಅವನು ಮೊದಲ ದಿನದಿಂದಲೂ ಅಲ್ಲಗಳೆದ. 2019ರ ಫೆಬ್ರವರಿ ಕೊನೆಗೆ ಆಟದ ಆಡಳಿತ ನೋಡುವ, ಪೀಟರ್ ಬೀಟಿ ಅಧ್ಯಕ್ಷತೆಯ ಕಮಿಷನ್ ಹೊಸ ನಿಯಮ ತಂದಿತು. ಹನ್ನೊಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಜೈಲು ಆಗಬಹುದಾದ ಆರೋಪ ಹೊತ್ತವರು ಕೇಸು ಮುಗಿಯುವ ತನಕ ಆಡುವ ಹಾಗಿಲ್ಲ. ಸಂಬಳ ಪೂರ್ತಿ ಬರುತ್ತದೆ, ಅಭ್ಯಾಸಕ್ಕೆ ಬರಬಹುದು. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ತೀರ್ಮಾನ ನಮ್ಮದಲ್ಲ, ಅದು ಕೋರ್ಟಿನದು ಎಂದಿತು ಕಮಿಷನ್. ಅದಕ್ಕಿಂತ ಕಡಿಮೆ ಆರೋಪಗಳಲ್ಲಿ, ಅದರಲ್ಲೂ ಹೆಂಗಸರು ಮಕ್ಕಳ ವಿಷಯವಿದ್ದಾಗ, ಮುಖ್ಯ ಕಾರ್ಯನಿರ್ವಾಹಕರ ವಿವೇಚನೆಗೆ ಬಿಟ್ಟದ್ದು.

ಡಿ ಬೆಲಿನ್ ಫೆಡರಲ್ ಕೋರ್ಟಿಗೆ ಹೋದ, ಮೇ ತಿಂಗಳಲ್ಲಿ ಸೋತ. ಆಟದ ನ್ಯಾಯಬದ್ಧ ಹಿತ ಕಾಪಾಡಲು ಈ ನಿಯಮ ಅತಿಯಾದದ್ದಲ್ಲ ಎಂದು ನ್ಯಾಯಮೂರ್ತಿ ಮೆಲಿಸಾ ಪೆರ್ರಿ ಹೇಳಿದರು. ಕ್ರಿಮಿನಲ್ ವಿಚಾರಣೆ 2020ರಲ್ಲಿ ನಡೆದಾಗ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2021ರಲ್ಲಿ ಎರಡನೆಯ ಸಲ ನಡೆದಾಗ ಒಂದು ಆರೋಪದಿಂದ ಬಿಡುಗಡೆ, ಉಳಿದವುಗಳಲ್ಲಿ ಮತ್ತೆ ಒಮ್ಮತವಿಲ್ಲ. ಪ್ರಾಸಿಕ್ಯೂಷನ್ ಅವನ್ನು ಕೈಬಿಟ್ಟಿತು. ಜೂನ್‌ನಲ್ಲಿ ಅವನು ಮತ್ತೆ ಮೈದಾನಕ್ಕೆ ಇಳಿದ. ಎರಡು ಇಡೀ ಸೀಸನ್ನು ಹೋಗಿತ್ತು. ರಗ್ಬಿ ಲೀಗ್ ಆಟಗಾರನ ಆಯಸ್ಸಿನಲ್ಲಿ ಎರಡು ಸೀಸನ್ನು ಅಂದರೆ ಸಣ್ಣ ಮಾತಲ್ಲ.

ಈ ನಿಯಮದ ಬಗ್ಗೆ ಅಭಿಮಾನಿಗಳಲ್ಲಿ ಎರಡು ಪಕ್ಷ. ದೋಷ ಸಾಬೀತಾಗದೆ ಎರಡು ವರ್ಷ ಕಳೆದುಕೊಂಡದ್ದನ್ನು ಯಾರು ವಾಪಸ್ ಕೊಡುತ್ತಾರೆ ಎಂಬುದು ಒಂದು. ಅಂಥ ಆರೋಪ ಹೊತ್ತವನು ಪ್ರತಿ ಶುಕ್ರವಾರ ಟಿವಿಯಲ್ಲಿ ಚಪ್ಪಾಳೆ ಗಿಟ್ಟಿಸುವುದನ್ನು ದೂರು ಕೊಟ್ಟವಳು ಮನೆಯಲ್ಲಿ ಕೂತು ನೋಡಬೇಕಾ ಎಂಬುದು ಇನ್ನೊಂದು. ನಾನು ನಿಯಮದ ಪರ. ಅದು ಹುಟ್ಟಿದ್ದು ಒಬ್ಬನ ಕೇಸಿನ ಬೆನ್ನಿಗೇ ಎಂಬುದು ಅದರ ಕುಂದು. ಆದರೆ ಅಲ್ಲಿಂದ ಮುಂದೆ ಅದು ಸ್ಟಾರ್ ಯಾರು, ಹೊಸಬ ಯಾರು ಎಂದು ಕೇಳಲಿಲ್ಲ. ಅಷ್ಟೇ ಮುಖ್ಯವಾಗಿ, ಅದು ಮ್ಯಾಚ್ ಎಣಿಸುವುದಿಲ್ಲ. ಕೇಸು ಮುಗಿಯುವ ತನಕ, ಅಷ್ಟೇ. ಶಿಕ್ಷೆಯ ವೇಷ ಹಾಕದ ನಿಯಮ ಅದೊಂದೇ.

ಕೋರ್ಟು ಮುಗಿಯುವ ತನಕ ಬಾಯಿ ಬಿಗಿಹಿಡಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಉದಾಹರಣೆ. 2023ರ ಫೆಬ್ರವರಿಯಲ್ಲಿ ಕ್ಯಾನ್‌ಬೆರಾದಲ್ಲಿ ಅಲ್ಲಿಯ ಟೀಮಿನ ಆಟಗಾರ ಜ್ಯಾಕ್ ವೈಟನ್‌ನ ಮೂವತ್ತನೆಯ ಹುಟ್ಟುಹಬ್ಬ. ನೈಟ್‌ಕ್ಲಬ್ ಹೊರಗೆ ಗಲಾಟೆ. ವೈಟನ್ ಮತ್ತು ಅವನ ಗೆಳೆಯ ಲಟ್ರೆಲ್ ಮಿಚೆಲ್ ಇಬ್ಬರನ್ನೂ ಪೊಲೀಸರು ಎಳೆದುಕೊಂಡು ಹೋದರು. ಇಬ್ಬರೂ ಮೂಲನಿವಾಸಿ ಸಮುದಾಯದವರು, ಇಬ್ಬರೂ ದೊಡ್ಡ ಹೆಸರು. ಬೆಳಗಾಗುವುದರೊಳಗೆ ತೀರ್ಪು ಸಿದ್ಧ: "ಮತ್ತೆ ಶುರು ಮಾಡಿದರು ನೋಡಿ", "ಎಷ್ಟು ಮ್ಯಾಚ್ ಕೊಡಬೇಕು ಇವರಿಗೆ?" ಅಕ್ಟೋಬರ್‌ನಲ್ಲಿ ಕೇಸು ವಿಚಾರಣೆಗೆ ಬಂತು. ಸಾಕ್ಷಿ ಹೇಳಿದ ಪೊಲೀಸ್ ಸಾರ್ಜೆಂಟ್ ತಮ್ಮ ಹೇಳಿಕೆಯಲ್ಲಿದ್ದದ್ದು ಸರಿಯಲ್ಲ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ಪ್ರಾಸಿಕ್ಯೂಷನ್ ಇಬ್ಬರ ಮೇಲಿನ ಆರೋಪಗಳನ್ನೂ ಹಿಂದಕ್ಕೆ ಪಡೆಯಿತು. ಫೆಬ್ರವರಿಯ ಗದ್ದಲದ ಹತ್ತರಲ್ಲೊಂದು ಪಾಲು ಸದ್ದೂ ಅಕ್ಟೋಬರ್‌ನಲ್ಲಿ ಆಗಲಿಲ್ಲ. ನಡುವೆ, ಅದೇ ವರ್ಷದ ಮಾರ್ಚ್‌ನಲ್ಲಿ, ಪೆನ್ರಿತ್ ಮೈದಾನದಲ್ಲಿ ಮಿಚೆಲ್ ಒಳಗೆ ಹೋಗುವಾಗ ಪ್ರೇಕ್ಷಕರ ಕಡೆಯಿಂದ ಜನಾಂಗೀಯ ಬೈಗುಳ ಬಂದದ್ದೂ ಆಗಿತ್ತು. ಆಟಗಾರರ ನಡತೆಯ ಬಗ್ಗೆ ಮಾತಾಡುವಾಗ ನೋಡುಗರ ನಡತೆಯನ್ನು ಯಾವ ಕಮಿಟಿ ನೋಡಬೇಕು?

ಈಗ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವ ಪ್ರಸಂಗಕ್ಕೆ ಬರುತ್ತೇನೆ. ಒಂದೇ ವರ್ಷ, ಒಬ್ಬನೇ ಆಟಗಾರ, ಎರಡು ಪಾತ್ರ.

2024ರ ಮಾರ್ಚ್‌ನಲ್ಲಿ ಎನ್‌ಆರ್‌ಎಲ್ ಸೀಸನ್ನನ್ನು ಅಮೆರಿಕದ ಲಾಸ್ ವೇಗಸ್‌ನಲ್ಲಿ ಶುರು ಮಾಡಿದರು. ಬ್ರಿಸ್ಬೇನ್ ಬ್ರಾಂಕೋಸ್ ಮತ್ತು ರೂಸ್ಟರ್ಸ್ ಮ್ಯಾಚಿನಲ್ಲಿ ರೂಸ್ಟರ್ಸ್‌ನ ಸ್ಪೆನ್ಸರ್ ಲೆನಿಯು, ಬ್ರಾಂಕೋಸ್‌ನ ಮೂಲನಿವಾಸಿ ಆಟಗಾರ ಎಜ್ರಾ ಮ್ಯಾಮ್‌ನನ್ನು ಮಂಗ ಎಂದ. ಮ್ಯಾಮ್ ಅಲ್ಲೇ ದೂರಿದ. ಲೆನಿಯು ಒಪ್ಪಿಕೊಂಡು ಕ್ಷಮೆ ಕೇಳಿದ. ಜುಡಿಷಿಯರಿ ಎಂಟು ಮ್ಯಾಚ್ ಕೊಟ್ಟಿತು. ಬ್ರಿಸ್ಬೇನ್ ಅಭಿಮಾನಿಗಳೆಲ್ಲ ಮ್ಯಾಮ್ ಬೆನ್ನಿಗೆ ನಿಂತರು. ನಿಲ್ಲಲೇಬೇಕಿತ್ತು.

ಅದೇ ವರ್ಷ ಅಕ್ಟೋಬರ್. ಸೀಸನ್ ಮುಗಿದಿತ್ತು. ಬ್ರಿಸ್ಬೇನ್‌ನ ಒಂದು ಬಡಾವಣೆಯಲ್ಲಿ ಮ್ಯಾಮ್ ಓಡಿಸುತ್ತಿದ್ದ ಗಾಡಿ ಎದುರಿನಿಂದ ಬಂದ ಬಾಡಿಗೆ ಕಾರಿಗೆ ಗುದ್ದಿತು. ಅವನ ಹತ್ತಿರ ಲೈಸೆನ್ಸ್ ಇರಲಿಲ್ಲ. ಪರೀಕ್ಷೆಯಲ್ಲಿ ದೇಹದಲ್ಲಿ ಕೊಕೇನ್ ಇದ್ದದ್ದು ಕಂಡಿತು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ತಾಯಿ ಮತ್ತು ನಾಲ್ಕು ವರ್ಷದ ಮಗು. ಮಗುವಿನ ಸೊಂಟದ ಮೂಳೆ ಮುರಿಯಿತು.

ಡಿಸೆಂಬರ್‌ನಲ್ಲಿ ಕೋರ್ಟು. ಅವನ ಮುಂದಿದ್ದದ್ದು ಲೈಸೆನ್ಸ್ ಇಲ್ಲದೆ ಓಡಿಸಿದ್ದು, ಮೈಯಲ್ಲಿ ಡ್ರಗ್ ಇರುವಾಗ ಓಡಿಸಿದ್ದು, ಈ ಎರಡು ಆರೋಪ. ತಪ್ಪೊಪ್ಪಿಕೊಂಡ. 850 ಡಾಲರ್ ದಂಡ, ಆರು ತಿಂಗಳು ಗಾಡಿ ಓಡಿಸುವಂತಿಲ್ಲ. ಕ್ಲಬ್ಬು ಮತ್ತು ಎನ್‌ಆರ್‌ಎಲ್ ಸೇರಿ ಹಾಕಿದ್ದು 1,20,000 ಡಾಲರ್ ದಂಡ, ಒಂಬತ್ತು ಮ್ಯಾಚ್ ನಿಷೇಧ.

ಅಭಿಮಾನಿಗಳು ಏನು ಮಾಡಿದರು? ಎಂಟನ್ನೂ ಒಂಬತ್ತನ್ನೂ ಜೋಡಿಸಿದರು. "ಒಂದು ಮಾತಿಗೆ ಎಂಟು, ಮಗುವಿನ ಮೂಳೆ ಮುರಿದದ್ದಕ್ಕೆ ಒಂಬತ್ತಾ?" ಎಂದು ರೂಸ್ಟರ್ಸ್ ಕಡೆಯವರು. "ಕೋರ್ಟು 850 ಡಾಲರಿಗೆ ಬಿಟ್ಟಿದೆ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅನುಭವಿಸಿದ್ದಾನೆ" ಎಂದು ಬ್ರಾಂಕೋಸ್ ಕಡೆಯವರು. ಲಂಚ್ ರೂಮಿನಲ್ಲಿ ಇದೇ ಜಗಳ ಕೇಳುತ್ತಾ ನನಗನ್ನಿಸಿದ್ದು, ಎಂಟಕ್ಕೂ ಒಂಬತ್ತಕ್ಕೂ ನಡುವೆ ಇರುವ ಆ ಒಂದು ಮ್ಯಾಚಿಗೆ ಏನೂ ಅರ್ಥವಿಲ್ಲ ಅಂತ. ಎಂಟು ಬಂದದ್ದು ಮೈದಾನದ ಒಳಗಿನಿಂದ, ಎದುರಾಳಿಗೆ ಆಡಿದ ಮಾತಿನಿಂದ. ಆ ಮಾತು ತಗುಲಿದವನು ಎಂಟು ವಾರ ತನ್ನನ್ನು ಬೈದವನ ಮುಖ ಮೈದಾನದಲ್ಲಿ ನೋಡಬೇಕಾಗಲಿಲ್ಲ, ಅಷ್ಟಾದರೂ ಆಯಿತು. ಒಂಬತ್ತು ಮ್ಯಾಚ್ ಆ ತಾಯಿಗೂ ಮಗುವಿಗೂ ಏನು? ಅವರು ಬ್ರಾಂಕೋಸ್ ಮ್ಯಾಚ್ ನೋಡುವವರೇ ಆಗಿರಬೇಕಿಲ್ಲ. ಒಂಬತ್ತು ವಾರ ಅವನು ಆಡದಿದ್ದರೆ ನಷ್ಟ ಆಗುವುದು ಟಿಕೆಟ್ ಕೊಂಡ ಬ್ರಿಸ್ಬೇನ್ ಅಭಿಮಾನಿಗೆ, ಬದಲಿ ಹುಡುಕುವ ಕೋಚಿಗೆ. ಅದಕ್ಕೇ ನೋಡಿ ನಮಗೆ ಮ್ಯಾಚ್ ಲೆಕ್ಕ ಅಷ್ಟು ಇಷ್ಟ: ಅದು ನಮ್ಮ ನೋವನ್ನೇ ಅಳೆಯುತ್ತದೆ.

ಒಂದೇ ಒಂದು ಪ್ರಕರಣದಲ್ಲಿ ಅಭಿಮಾನಿಗಳ ಮಾತು ಪೆಟ್ಟು ತಿಂದವರ ಕಡೆಗೆ ಹೊರಳಿದ್ದು ನನಗೆ ನೆನಪಿದೆ. ಮ್ಯಾಥ್ಯೂ ಲಾಡ್ಜ್. 2015ರಲ್ಲಿ ನ್ಯೂಯಾರ್ಕ್‌ಗೆ ಹೋಗಿದ್ದಾಗ ರಾತ್ರಿ ಗೊತ್ತಿಲ್ಲದ ಒಂದು ಕುಟುಂಬದ ಮನೆಗೆ ನುಗ್ಗಿ ಹಲ್ಲೆ ಮಾಡಿ ಬಂಧನಕ್ಕೊಳಗಾದ, ತಪ್ಪೊಪ್ಪಿಕೊಂಡ. ಸಿವಿಲ್ ಕೋರ್ಟು ಹತ್ತು ಲಕ್ಷ ಅಮೆರಿಕನ್ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು. 2018ರಲ್ಲಿ ಬ್ರಾಂಕೋಸ್ ಅವನನ್ನು ಮತ್ತೆ ಆಟಕ್ಕೆ ಇಳಿಸಿದಾಗ ಎದ್ದ ಪ್ರಶ್ನೆ ಇದು: ಆ ಕುಟುಂಬಕ್ಕೆ ಕೊಡಬೇಕಾದ್ದು ಬಾಕಿ ಇರುವಾಗ ಇವನು ಇಲ್ಲಿ ದುಡಿಯಬಹುದಾ, ಅಥವಾ ದುಡಿದರೆ ತಾನೇ ಕೊಡಲು ಸಾಧ್ಯ? ಒಳ್ಳೆಯ ಜಗಳ ಅದು. ಎರಡೂ ಕಡೆ ತೂಕವಿತ್ತು, ಎರಡೂ ಕಡೆಯವರ ಕಣ್ಣು ನ್ಯೂಯಾರ್ಕಿನ ಆ ಮನೆಯ ಮೇಲಿತ್ತು.

ಎರಡನೆಯ ಅವಕಾಶದ ಬಗ್ಗೆ ಪ್ರತ್ಯೇಕವಾಗಿ ಇನ್ನೊಂದು ದಿನ ಮಾತಾಡಬೇಕು. ಟಾಡ್ ಕಾರ್ನಿಯನ್ನು ಕ್ಯಾನ್‌ಬೆರಾ, ರೂಸ್ಟರ್ಸ್, ಕ್ರೊನಲ್ಲಾ ಮೂರೂ ಕ್ಲಬ್ಬು ಒಂದಾದ ಮೇಲೊಂದು ಕಿತ್ತುಹಾಕಿದವು. ನಡುವೆ 2010ರಲ್ಲಿ ಅವನೇ ವರ್ಷದ ಶ್ರೇಷ್ಠ ಆಟಗಾರ. ಬೆನ್ ಬಾರ್ಬಾ 2012ರ ಶ್ರೇಷ್ಠ ಆಟಗಾರ. 2019ರ ಜನವರಿಯಲ್ಲಿ ಟೌನ್ಸ್‌ವಿಲ್ ಕ್ಯಾಸಿನೋ ಪ್ರಕರಣ ಆದ ಮೇಲೆ ಹೊಸ ಸೀಸನ್ನಿಗೆ ಕಾಲಿಡುವ ಮುನ್ನವೇ ಅವನಿಗೆ ಎನ್‌ಆರ್‌ಎಲ್ ಬಾಗಿಲು ಖಾಯಂ ಮುಚ್ಚಿತು. ಎಷ್ಟು ಅವಕಾಶ ಸಿಗುತ್ತದೆ ಎಂಬುದು ಎಷ್ಟು ಚೆನ್ನಾಗಿ ಆಡುತ್ತೀಯ ಎಂಬುದರ ಮೇಲೆ ನಿಂತಿದೆ, ಇದು ಗುಟ್ಟೇನಲ್ಲ. ಆದರೆ ಅಭಿಮಾನಿಗಳಿಗೆ ಕೈ ಇಲ್ಲ ಎಂದುಕೊಳ್ಳಬೇಡಿ. 2021ರಲ್ಲಿ ಡ್ರ್ಯಾಗನ್ಸ್, ಇಸ್ರೇಲ್ ಫೋಲಾವ್‌ನನ್ನು ತರಲು ಹೊರಟಾಗ ಅವರದೇ ಸದಸ್ಯರು ತಿರುಗಿಬಿದ್ದರು. ಸಲಿಂಗಿಗಳ ಬಗ್ಗೆ ಅವನು ಬರೆದದ್ದಕ್ಕೆ 2019ರಲ್ಲಿ ರಗ್ಬಿ ಯೂನಿಯನ್ ಅವನ ಕಾಂಟ್ರ್ಯಾಕ್ಟ್ ರದ್ದು ಮಾಡಿತ್ತು. ಕ್ಲಬ್ಬು ಹಿಂದೆ ಸರಿಯಿತು. ಎದುರಾಳಿ ಟೀಮಿನವರು ಕೂಗಿದರೆ ಕ್ಲಬ್ಬು ಕಿವಿಗೊಡುವುದಿಲ್ಲ. ತನ್ನ ಮೆಂಬರ್‌ಶಿಪ್ ಕಾರ್ಡ್ ಹಿಡಿದವನು ಕೇಳಿದರೆ ಕೇಳಲೇಬೇಕು.

ಇದೆಲ್ಲ ಇವರ ಪಾಡು ಎಂದು ನೀವು ಅಂದುಕೊಳ್ಳುತ್ತಿದ್ದರೆ, ಕೊನೆಗೆ ನಮ್ಮ ಮನೆಯ ಮಾತು ಒಂದು. 2019ರ ಜನವರಿ. ಭಾರತ ತಂಡ ಇಲ್ಲೇ ಇತ್ತು, ಸಿಡ್ನಿಯಲ್ಲಿ ಒನ್‌ಡೇ ಪಂದ್ಯ. ನಮ್ಮಲ್ಲಿ ಎಷ್ಟೋ ಜನ ಟಿಕೆಟ್ ತೆಗೆದಿದ್ದೆವು. ಅದರ ಹಿಂದಿನ ದಿನ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಇಬ್ಬರನ್ನೂ ಅಮಾನತು ಮಾಡಿ ವಾಪಸ್ ಕಳಿಸುವ ಸುದ್ದಿ ಬಂತು. ಟಿವಿ ಕಾರ್ಯಕ್ರಮವೊಂದರಲ್ಲಿ ಹೆಂಗಸರ ಬಗ್ಗೆ ಆಡಿದ ಮಾತುಗಳಿಗಾಗಿ. ಕನ್ನಡಿಗರ ಗುಂಪುಗಳಲ್ಲಿ ಆಗ ನಡೆದ ವಾದ ನಿಮಗೆ ನೆನಪಿರಬಹುದು. "ಹೆಚ್ಚು ಮಾತಾಡಿದ್ದು ಪಾಂಡ್ಯ, ನಮ್ಮ ಹುಡುಗ ಸುಮ್ಮನೆ ಪಕ್ಕದಲ್ಲಿ ಕೂತಿದ್ದ." "ಅವನದು ಬೇರೆ ಕೇಸು." ಮಿಚೆಲ್ ಬಗ್ಗೆ ಸೌತ್ಸ್‌ನವರು, ಮ್ಯಾಮ್ ಬಗ್ಗೆ ಬ್ರಿಸ್ಬೇನ್‌ನವರು ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಏಪ್ರಿಲ್‌ನಲ್ಲಿ ಬಿಸಿಸಿಐ ಒಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಆದೇಶ ಕೊಟ್ಟರು. ಅಷ್ಟರಲ್ಲಿ ಅಮಾನತು ತೆರವಾಗಿ ಇಬ್ಬರೂ ಆಡುತ್ತಿದ್ದರು. ಇನ್ನಷ್ಟು ಮ್ಯಾಚ್ ಹಾಕಲಿಲ್ಲ. ತಲಾ 20 ಲಕ್ಷ ರೂಪಾಯಿ ದಂಡ. ಆ ಹಣ ಎಲ್ಲಿಗೆ ಹೋಗಬೇಕು ಎಂದೂ ಬರೆದರು: ಕರ್ತವ್ಯದಲ್ಲಿ ಪ್ರಾಣ ಕಳೆದುಕೊಂಡ ಅರೆಸೇನಾಪಡೆಯ ಹತ್ತು ಕಾನ್‌ಸ್ಟೇಬಲ್‌ಗಳ ಕುಟುಂಬಕ್ಕೆ ಒಂದೊಂದು ಲಕ್ಷ, ಅಂಧರ ಕ್ರಿಕೆಟ್ ಬೆಳೆಸಲು ಹತ್ತು ಲಕ್ಷ. ಎನ್‌ಆರ್‌ಎಲ್‌ನ ನಾಲ್ಕು ಪ್ಯಾರಾ ಪ್ರಕಟಣೆ ಓದಿ ಓದಿ ಬೇಸತ್ತ ನನಗೆ ಆ ಆದೇಶ ಮೊದಲು ಬಹಳ ಮೆಚ್ಚಿಗೆಯಾಯಿತು. ಮ್ಯಾಚ್ ಎಣಿಸುವುದನ್ನು ಬಿಟ್ಟು ಒಬ್ಬರು ಬೇರೆ ರೀತಿ ಯೋಚಿಸಿದ್ದರು. ಎರಡನೆಯ ಸಲ ಓದಿದಾಗ ಒಂದು ವಿಷಯ ಚುಚ್ಚಿತು. ತಪ್ಪು ಹೆಂಗಸರ ಬಗ್ಗೆ ಆಡಿದ ಮಾತು. ದಂಡದ ಹಣ ಯೋಧರ ಮನೆಗೂ ಅಂಧ ಆಟಗಾರರಿಗೂ ಹೋಯಿತು. ಎರಡೂ ಪುಣ್ಯದ ಕೆಲಸವೇ. ಆದರೆ ಇಬ್ಬರದೂ ಸೇರಿ ನಲವತ್ತು ಲಕ್ಷದಲ್ಲಿ ಒಂದು ರೂಪಾಯಿಯನ್ನಾದರೂ, ಕ್ರಿಕೆಟ್ ಆಡಲು ಬರುವ ಯಾವುದಾದರೂ ಊರಿನ ಹುಡುಗಿಯರ ಹೆಸರಿಗೆ ಬರೆಯಬಹುದಿತ್ತು.